ಹಂಗಾಮಿ ಬೆರಳು

ಗೂಡು ಸುಭದ್ರತಾ ಮಂಡಳಿಯ ರಾಮನಗರ ಗೋದಾಮಿಗೆ ಒಂದು ಬಾಗಿಲಿದೆ. ಅದು ಸ್ಮಾರ್ಟ್ ಬಾಗಿಲು ಎಂಬುದನ್ನು ಮಂಡಳಿಯ ವಾರ್ಷಿಕ ವರದಿಯ ಹನ್ನೊಂದನೆಯ ಪುಟದಲ್ಲಿ ಬಣ್ಣದ ಚಿತ್ರಸಹಿತ ದೃಢಪಡಿಸಲಾಗಿದೆ. ಅಗಲವಾದ ರೋಲಿಂಗ್ ಶಟರು, ಅದನ್ನೆತ್ತಲು ಒಂದು ಮೋಟಾರು, ಮೋಟಾರಿಗೆ ಅಪ್ಪಣೆ ಕೊಡಲು ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ರಿಲೇ, ರಿಲೇಗೆ ಅಪ್ಪಣೆ ಕೊಡಲು ವ್ಯವಸ್ಥಾಪಕರ ಮೊಬೈಲು. ಮೊದಲು ಇದೇ ಶಟರನ್ನು ಜವಾನ ಚೆಲುವಯ್ಯ ಕಬ್ಬಿಣದ ಸರಪಳಿ ಎಳೆದು ಎತ್ತುತ್ತಿದ್ದ. ಸ್ಮಾರ್ಟ್ ಆದ ಮೇಲೂ ಸರಪಳಿ ನೇತಾಡುತ್ತಿದ್ದರೆ ಬಾಗಿಲಿನ ಮೇಲೆ ಮಂಡಳಿಗೇ ನಂಬಿಕೆಯಿಲ್ಲವೆಂದು ಜನ ಆಡಿಕೊಂಡಾರು ಎಂದು ಸರಪಳಿಯನ್ನು ಹರಾಜು ಹಾಕಲಾಯಿತು. ಚೆಲುವಯ್ಯನನ್ನು ಶಾಲು ಹೊದಿಸಿ ಮನೆಗೆ ಕಳುಹಿಸಲಾಯಿತು.

ಇದ್ರೀಸನಿಗೂ ಈ ಬಾಗಿಲಿಗೂ ಸಂಬಂಧ ಹುಟ್ಟಿದ್ದು ನಿಯಮದಿಂದ. ಅವನು ರೀಲರ್. ಮನೆಯ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವುದು ಅಪ್ಪನಿಂದ ಬಂದ ಕಸುಬು. ಬಿಸಿನೀರಿನ ಬೇಸಿನ್ ಮುಂದೆ ಖುರ್ಷಿದಾ, ದೊಡ್ಡಲಕ್ಷ್ಮಮ್ಮ ಕೂರುತ್ತಿದ್ದರು. ಇಬ್ಬರಿಗೂ ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಕರೆ ಬಂದಿತ್ತು. ಹಳೆಯ ಋಣ ಅಂತ ಉಳಿದಿದ್ದರು. ಶೆಡ್ಡು ಒಂದು ವಾರ ತಣ್ಣಗಾದರೆ ಮಾತ್ರ ಹೋಗುತ್ತೇವೆ ಎಂದು ಮುಂಚೆಯೇ ಹೇಳಿದ್ದರು. ಅವರು ಹೋದರೆ ಇದ್ರೀಸನ ಶೆಡ್ಡು ಮುಚ್ಚಿದಂತೆಯೇ.

ನಿಯಮ ಹೀಗಿತ್ತು: ಮಾರುಕಟ್ಟೆಯಲ್ಲಿ ಕೊಂಡ ಗೂಡನ್ನು ಒಂದು ರಾತ್ರಿ ಸ್ಮಾರ್ಟ್ ಗೋದಾಮಿನಲ್ಲಿ ಮಲಗಿಸಿ ರಸೀದಿ ಪಡೆದವರಿಗೆ ಮಾತ್ರ ಪ್ರೋತ್ಸಾಹಧನ. ಗೂಡು ಅಲ್ಲಿ ಏಕೆ ಮಲಗಬೇಕು ಎಂದು ನಿಯಮ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಗೂಡಿನೊಳಗಿನ ಹುಳು ಮಾತ್ರ ನಿಯಮ ಓದಿದ್ದಲ್ಲ. ಕೊಂಡ ಐದಾರು ದಿನದೊಳಗೆ ಬೇಯಿಸದಿದ್ದರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಆಚೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ.

ಒಂದು ಸೋಮವಾರ ಇದ್ರೀಸ್ ಕೈಲಿದ್ದ ದುಡ್ಡೆಲ್ಲ ಸುರಿದು ಕೊಂಡ ಆರು ಚೀಲ ಗೂಡನ್ನು ಗೋದಾಮಿಗೆ ಹಾಕಿದ. ಬೇರೆ ಯಾರೂ ಹಾಕಿರಲಿಲ್ಲ. ವ್ಯವಸ್ಥಾಪಕ ಮಹೇಂದ್ರ ಅವರಿಗೆ ಹಾರೋಹಳ್ಳಿ ಶಾಖೆಗೆ ವರ್ಗವಾಗಿರುವ ಸುದ್ದಿ ಉಳಿದ ರೀಲರುಗಳಿಗೆ ಮೊದಲೇ ತಿಳಿದಿತ್ತು. ಸಂಜೆ ಬೀಳ್ಕೊಡುಗೆ ನಡೆಯಿತು. ಮಹೇಂದ್ರ ಅವರು ಕೊರಳ ತುಂಬ ಹಾರ ಹಾಕಿಕೊಂಡೇ ಶಟರು ಇಳಿಸಲು ಮೊಬೈಲನ್ನು ಒಮ್ಮೆ ಒತ್ತಿ, ಜೇಬಿಗಿಳಿಸಿ, ಕೋಡುಬಳೆಯ ಪೊಟ್ಟಣದೊಂದಿಗೆ ಬಸ್ಸು ಹತ್ತಿದರು.

ಮಂಗಳವಾರ ಬೆಳಗ್ಗೆ ಬಾಗಿಲು ತೆರೆಯಲಿಲ್ಲ. ಅದನ್ನು ತೆರೆಯುವ ಗುಂಡಿ ಮಹೇಂದ್ರ ಅವರ ಮೊಬೈಲಿನೊಂದಿಗೆ ಹಾರೋಹಳ್ಳಿಗೆ ಹೋಗಿತ್ತು.

ಈ ಊರಿನಲ್ಲಿ ರೀಲರ್ ಆದವನು ಅರ್ಧ ಎಲೆಕ್ಟ್ರಿಷಿಯನ್ನೂ ಆಗಿರಲೇಬೇಕು. ಇದ್ರೀಸ್ ಶಟರಿಗೆ ಕಿವಿಯಿಟ್ಟು ಕೇಳಿದ, ಹೊರಗೋಡೆಯ ಮೇಲಿನ ರಿಲೇ ಡಬ್ಬಿಯನ್ನು ಇಣುಕಿ ನೋಡಿದ. ಒಳಗೆ ಕೆಂಪು ದೀಪ ಆರದೆ ಉರಿಯುತ್ತಿತ್ತು. ಹೊಸ ವ್ಯವಸ್ಥಾಪಕ ಮುನಿಶಾಮಯ್ಯನವರ ಮುಂದೆ ಹೋಗಿ ನಿಂತ.

"ಸಾರ್, ಮೋಟ್ರು ಸರ್ಯಾಗೈತೆ. ಇದು ಕಾಲಿಂಗ್ ಬೆಲ್ ಇದ್ದಂಗೆ. ಒತ್ತಿ ಬುಡಬೇಕು. ಬುಟ್ರೆ ತಾನೆ ಇನ್ನೊಂದ್ಸಲ ಒತ್ತಕ್ಕಾಗೋದು? ಮಹೇಂದ್ರ ಸಾರ್ ದಿನಾ ಎರಡು ಸಲ ಒತ್ತೋರು, ಬೆರಳು ಇಡಕ್ಕೊಂದ್ಸಲ, ತೆಗೆಯಕ್ಕೊಂದ್ಸಲ. ನಿನ್ನೆ ಒಂದೇ ಸಲ ಒತ್ತವ್ರೆ. ಅವರು ಇಟ್ಟ ಬೆರಳು ಇನ್ನೂ ತೆಗ್ದಿಲ್ಲ ಅಂತ ತಿಳ್ಕೊಂಡು ಮೋಟ್ರು ಸುಮ್ನೆ ಕೂತೈತೆ. ಡಬ್ಬಿ ಬಿಚ್ಚಿ ಒಂದು ವೈರು ಕಿತ್ತು ಮುಟ್ಟಿಸಿದ್ರೆ ಎರಡು ನಿಮಿಷದ ಕೆಲಸ."

ಮುನಿಶಾಮಯ್ಯ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯವರು. "ಡಬ್ಬಿಗೆ ಸೀಲ್ ಐತಲ್ಲಪ್ಪ," ಎಂದರು. ಸೀಲ್ ಒಡೆದವರ ರೀಲಿಂಗ್ ಲೈಸೆನ್ಸ್ ರದ್ದು ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ಮೇನ್ ಸ್ವಿಚ್ಚು ಗೋದಾಮಿನೊಳಗಿತ್ತು. "ಬೆರಳಿನ ವಿಚಾರ ಬೇರೆ. ನಯನಾ, ಮಹೇಂದ್ರ ಅವರ ಚಾರ್ಜ್ ಲಿಸ್ಟ್ ನೋಡಮ್ಮ."

ಗುಮಾಸ್ತೆ ನಯನಾ ಪಟ್ಟಿಯನ್ನು ಎರಡು ಸಲ ಓದಿದಳು. "ಕುರ್ಚಿ ಹದಿನಾಲ್ಕು, ಫ್ಯಾನ್ ಆರು, ಗೋಡೆ ಗಡಿಯಾರ ಒಂದು. ಬೆರಳು ಇಲ್ಲ ಸಾರ್."

"ನಮಗೆ ವಹಿಸದೇ ಇರೋ ಬೆರಳನ್ನ ನಾವು ತೆಗೆಯೋದು ಹೆಂಗೆ?"

ವರ್ಗಾವಣೆಗೊಂಡ ಅಧಿಕಾರಿಯು ಕಚೇರಿಯಲ್ಲಿ ಬಿಟ್ಟುಹೋಗಿರುವ ಬೆರಳನ್ನು ಏಳು ದಿನಗಳೊಳಗಾಗಿ ಹಿಂಪಡೆಯತಕ್ಕದ್ದು ಎಂದು ಅಂದೇ ಪತ್ರ ತಯಾರಾಯಿತು. ಅದು ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು.

ಅಂಚೆಯನ್ನು ನಂಬದ ಇದ್ರೀಸ್ ಬುಧವಾರ ಕನಕಪುರದಲ್ಲಿ ಬಸ್ಸು ಬದಲಿಸಿ ತಾನೇ ಹಾರೋಹಳ್ಳಿಗೆ ಹೋದ. ಮಹೇಂದ್ರ ಅವರು ಕುರ್ಚಿ ಕೊಟ್ಟರು, ಟೀ ತರಿಸಿದರು, ಮೊಬೈಲು ತೆಗೆದು ತೋರಿಸಿದರು. ಪರದೆಯ ಮೇಲೆ 'ರಾಮನಗರ ಗೋದಾಮು' ಎಂಬ ಗುಂಡಿ ಹಸಿರಾಗಿ ಹೊಳೆಯುತ್ತಿತ್ತು. ಇದ್ರೀಸನ ಕೈ ತಾನಾಗಿ ಮೇಲೆದ್ದಿತು. ಮಹೇಂದ್ರ ಅವರು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಬ್ಯಾಡಿ ಸಾಬ್ರೇ. ನಾನೀಗ ಹಾರೋಹಳ್ಳಿಯವನು. ಇಲ್ಲಿ ಕೂತು ಅಲ್ಲಿ ಬಾಗ್ಲು ತೆಗೆದ್ರೆ ವ್ಯಾಪ್ತಿ ಮೀರಿದಂಗೆ. ಅದೂ ಅಲ್ದೆ, ಈಗ ಬೆರಳು ತೆಗೆದೆ ಅಂದ್ರೆ ಇಷ್ಟು ದಿನ ಇಟ್ಟಿದ್ದೆ ಅಂತ ಒಪ್ಪಿಕೊಂಡಂಗಾಯ್ತದೆ."

"ಸಾರ್, ಒಳಗೆ ಹುಳ ಜೀವಂತ ಐತೆ. ಭಾನುವಾರಕ್ಕೆ ಚಿಟ್ಟೆ ಆಯ್ತದೆ."

"ಅಯ್ಯೋ ಪಾಪ," ಎಂದರು ಮಹೇಂದ್ರ. ಅವರಿಗೆ ನಿಜಕ್ಕೂ ಬೇಸರವಾಗಿತ್ತು. "ಆದೇಶ ಬರಲಿ. ಬಂದ ಸೆಕೆಂಡಿಗೇ ತೆಗೀತೀನಿ."

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇದ್ರೀಸನಿಗೆ ಗೊತ್ತಿತ್ತು. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂಬುದೇ ತಿಳಿಯಲಿಲ್ಲ. ಮನೆಗೆ ಬಂದಾಗ ಹೆಂಡತಿ ರಹೀಮಾ, "ಏನ್ರೀ, ನಾಳೆಗೆ ಒಲೆ ಹಚ್ಚಲಾ?" ಎಂದಳು. ಬೇಡ ಎನ್ನಲು ಬಾಯಿ ಬರದೆ, "ನೋಡಾನ ತಡಿ," ಎಂದ.

ಗುರುವಾರ ಇದ್ರೀಸ್ ಚಿಟ್ಟೆಯ ಅಪಾಯವನ್ನು ವಿವರಿಸಿ ತುರ್ತು ಅರ್ಜಿ ಕೊಟ್ಟ. ಮಂಡಳಿ ಅದನ್ನು ಗಂಭೀರವಾಗಿ ಪರಿಗಣಿಸಿತು. ಶುಕ್ರವಾರ ಶಟರಿನ ಮೇಲೆ ಪ್ರಕಟಣೆ ಅಂಟಿತು:

"ತಾಂತ್ರಿಕ ಕಾರಣಗಳಿಂದ ಗೋದಾಮಿನ ಬಾಗಿಲು ಮುಚ್ಚಿರುತ್ತದೆ. ದುರಸ್ತಿ ಮುಗಿಯುವವರೆಗೆ ಒಳಗಿರುವ ದಾಸ್ತಾನು ಯಾವುದೇ ಬಗೆಯ ರೂಪಾಂತರ ಹೊಂದತಕ್ಕದ್ದಲ್ಲ. ತಪ್ಪಿದಲ್ಲಿ ದಾಸ್ತಾನಿನ ಮಾಲೀಕರೇ ಹೊಣೆಗಾರರು."

"ಹುಳಕ್ಕೆ ಓದಕ್ಕೆ ಬರಲ್ಲ ಮೇಡಂ," ಎಂದ ಇದ್ರೀಸ್.

"ಅದಕ್ಕೇ ಹೊರಗೆ ಅಂಟಿಸಿರೋದು," ಎಂದಳು ನಯನಾ. "ನೀವು ಓದ್ಕೊಳ್ಳಲಿ ಅಂತ."

ಭಾನುವಾರ ಕಚೇರಿಗೆ ರಜೆ. ಇದ್ರೀಸ್ ಗೋದಾಮಿನ ಎದುರು ಒಬ್ಬನೇ ಕುಳಿತಿದ್ದ. ಆ ವಾರವಿಡೀ ಊರಲ್ಲಿ ಕರೆಂಟು ಹೋಗಿರಲಿಲ್ಲ. ಕರೆಂಟು ಹೋಗದೇ ಇರುವುದರ ಬಗ್ಗೆ ದೂರು ಕೊಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು, ಹತ್ತು ನಿಮಿಷಕ್ಕೆ ಬಂತು. ರಿಲೇ ಹಳೆಯ ಬೆರಳನ್ನು ಮರೆತು ಹೊಸದಾಗಿ ಒತ್ತಿತು. ಶಟರು ಗರಗರನೆ ಮೇಲೆದ್ದಿತು.

ರೇಷ್ಮೆ ಚಿಟ್ಟೆಗೆ ರೆಕ್ಕೆಯಿದ್ದರೂ ಹಾರಲು ಬಾರದು. ಅವು ರೆಕ್ಕೆ ಅದುರಿಸುತ್ತ, ಚೀಲ ಇಳಿದು, ಹೊಸ್ತಿಲು ದಾಟಿ ನಡೆದುಕೊಂಡೇ ಬಂದವು. ಮೂವತ್ತು ವರ್ಷದ ಕಸುಬಿನಲ್ಲಿ ಇದ್ರೀಸ್ ತನ್ನ ಗೂಡಿನಿಂದ ಇಷ್ಟೊಂದು ಚಿಟ್ಟೆ ಬಂದದ್ದನ್ನು ಕಂಡಿರಲಿಲ್ಲ. ಕಾಲಿನ ಮೇಲೆ ಹತ್ತಿದವನ್ನು ಕೊಡವಲು ಮನಸ್ಸಾಗಲಿಲ್ಲ. ಅಲ್ಲೇ ಕೂತು ಅತ್ತ.

ಸೋಮವಾರ ಖುರ್ಷಿದಾ ಬಾಗಿಲಿಗೆ ಬಂದು, "ಭಾಯಿ, ಬೇಜಾರ್ ಮಾಡ್ಕೋಬೇಡಿ. ಫ್ಯಾಕ್ಟರಿ ಬಸ್ಸು ಬತ್ತದೆ, ಹೋಯ್ತೀವಿ," ಎಂದಳು. ದೊಡ್ಡಲಕ್ಷ್ಮಮ್ಮ ದೂರದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಕಚೇರಿಯಲ್ಲಿ ಅದೇ ದಿನ ಕಡತ ಮುಗಿಯಿತು. ಅರ್ಜಿದಾರರು ದಾಸ್ತಾನನ್ನು ಹೊರಬಿಡಲು ಕೋರಿದ್ದು, ದಾಸ್ತಾನು ಸ್ವ-ಇಚ್ಛೆಯಿಂದ ಹೊರಬಂದಿರುವುದರಿಂದ ಅರ್ಜಿ ಇತ್ಯರ್ಥವಾಗಿದೆ ಎಂದು ಬರೆದಿತ್ತು. ಇದ್ರೀಸ್ ತೋರಿಸಿದ ಜಾಗದಲ್ಲಿ ಸಹಿ ಹಾಕಿದ.

ತಿಂಗಳ ಮೇಲೆ ಮಹೇಂದ್ರ ಅವರ ಉತ್ತರ ಬಂತು. ತಮ್ಮ ಹತ್ತು ಬೆರಳುಗಳೂ ಹಾರೋಹಳ್ಳಿಯಲ್ಲಿ ಕರ್ತವ್ಯನಿರತವಾಗಿದ್ದು, ರಾಮನಗರಕ್ಕೆ ಬದಲಿ ವ್ಯವಸ್ಥೆ ಮಾಡಿಕೊಳ್ಳಬಹುದೆಂದು ಅದರಲ್ಲಿತ್ತು. ಮಂಡಳಿ ಮಾಗಡಿಯಿಂದ ತಾಂತ್ರಿಕ ಅಧಿಕಾರಿಯನ್ನು ಕರೆಸಿ, ವಿಧಿವತ್ತಾಗಿ ಸೀಲು ಒಡೆಸಿ, ಎರಡು ವೈರುಗಳನ್ನು ಹೊರಗೆಳೆಸಿತು. ಅವನ್ನು ಮುಟ್ಟಿಸಿ ಬಿಡಲು 'ಹಂಗಾಮಿ ಬೆರಳು' ಎಂಬ ಹುದ್ದೆ ಸೃಷ್ಟಿಯಾಯಿತು. ಆ ವಿಷಯದಲ್ಲಿ ಅನುಭವವಿದ್ದವನು ತಾಲ್ಲೂಕಿಗೆ ಒಬ್ಬನೇ.

"ಶೆಡ್ಡು ಹೆಂಗೂ ಮುಚ್ಚಿದ್ಯಲ್ಲ," ಎಂದರು ಮುನಿಶಾಮಯ್ಯ. "ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ. ಆರಾಮದ ಕೆಲಸ."

ಇದ್ರೀಸ್ ಒಪ್ಪಿಕೊಂಡ. ಕೊರಳಿಗೆ ಗುರುತಿನ ಚೀಟಿ ಬಂತು, ಕೂರಲು ಬೆಂಚು ಬಂತು. ರೀಲರುಗಳು ಮತ್ತೆ ಗೂಡು ತಂದು ಹಾಕತೊಡಗಿದರು.

ಕಳೆದ ಶನಿವಾರ ವಾಸಿಂ ಎಂಬ ರೀಲರ್ ಓಡಿಬಂದಾಗ ಒಂದು ಗಂಟೆ ಐದು ನಿಮಿಷವಾಗಿತ್ತು. ನಾಲ್ಕು ದಿನ ಜ್ವರ ಬಂದು ಮಲಗಿದ್ದವನು ಏದುಸಿರು ಬಿಡುತ್ತಿದ್ದ.

"ಇದ್ರೀಸ್ ಭಾಯ್, ಒಂದೇ ಒಂದ್ಸಲ ಮುಟ್ಸಿ. ಗೂಡು ಹಾಕಿ ಇವತ್ತಿಗೆ ಐದು ದಿನ. ನಾಳೆ ರಜೆ."

ವೈರುಗಳು ಇದ್ರೀಸನ ಕೈಯಿಂದ ಒಂದು ಗೇಣು ದೂರದಲ್ಲಿದ್ದವು. ಅವನು ಗಡಿಯಾರ ನೋಡಿದ, ವಾಸಿಂನ ಮುಖ ನೋಡಿದ.

"ಟೈಮ್ ಆಗೋಯ್ತಲ್ಲಪ್ಪ."

"ಚಿಟ್ಟೆ ಆಗೋಯ್ತವೆ ಭಾಯ್."

"ಆಯ್ತವೆ," ಎಂದ ಇದ್ರೀಸ್ ಮೆತ್ತಗೆ. "ಸೋಮವಾರ ಒಸಿ ಮುಂಚೆನೇ ಬಾ. ಅವು ಆಚೆ ಬರೋವಾಗ ನಮ್ಮೋರು ಅಂತ ಒಬ್ರು ಎದ್ರುಗಿರಬೇಕು."

ವಾಸಿಂ ಶಟರನ್ನು ನೋಡಿದ. "ಹನ್ನೊಂದಕ್ಕೆ ತಾನೆ?" ಎಂದು ಕೇಳಿದ.

"ಹನ್ನೊಂದಕ್ಕೆ."

ವಾಸಿಂ ಸಲಾಂ ಹೇಳಿ ಹೋದ.