ಒಂಬತ್ತು ನಾಯಿಗಳ ಕೌದಿ

ಕೌದಿ ಹೊಲಿಯಲು ಬೇಕಾದ ಸಕಲ ಅರ್ಹತೆಗಳೂ ನನ್ನಲ್ಲಿವೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಾನು ಕರವಸ್ತ್ರದ ಮೇಲೆ ಹಾಕಿದ ಗುಲಾಬಿಯನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ಮೆಚ್ಚಿ ತೋರಿಸಿದರೋ, ಎಚ್ಚರಿಕೆಗೆಂದು ತೋರಿಸಿದರೋ ನೆನಪಿಲ್ಲ. ತೋರಿಸಿದ್ದಂತೂ ನಿಜ!

ಹಾಗಾಗಿ ನಮ್ಮಂತೆಯೇ ಮರಾಠಿ ಸೀಮೆಗೆ ಬಂದು ಹಡಪಸರದಲ್ಲಿರುವ ನನ್ನ ನಾದಿನಿ ವಿದ್ಯಾ, "ವೈನಿ, ನನ್ನ ಕೂಸಿಗೆ ನಾಯಿಮರಿ ಚಿತ್ರ ಇರೋ ಕೌದಿ ಹೊಲಕೊಡ್ರಿ" ಎಂದಾಗ ತಕ್ಷಣ ಒಪ್ಪಿಕೊಂಡೆ. ನಾಯಿಯ ವಿಷಯ ಗೊತ್ತಿಲ್ಲದ ಅತ್ತೆಯವರು ವಿಜಯಪುರದಿಂದ ಫೋನಿನಲ್ಲಿ ಅಪ್ಪಣೆ ಕೊಟ್ಟರು.

"ರವಿವಾರ ಹೆಸರಿಡೂದು. ತವರುಮನಿ ಕೌದಿ ಇಲ್ಲಂದ್ರ ಕೂಸಿನ್ನ ತೊಟ್ಟಲದಾಗ ಹಾಕಂಗಿಲ್ಲ ನೋಡವಾ. ಹಳೀ ಅರಿವೀಲೆ ಹೊಲಿ. ಹೊಸಾದು ಕೂಸಿನ ಮೈಗೆ ಚುಚ್ಚತದ."

ಅತ್ತೆಯವರದೇ ಹಳೆಯ ಇಳಕಲ್ಲ ಸೀರೆಯ ಒಡಲನ್ನು ಅಡಿಗೆ ಹಾಸಿದೆ. ಅದರ ಕೆಂಪು ಸೆರಗನ್ನು ಅಂಚಿಗೆ ಕೊಟ್ಟೆ. ನಮ್ಮವರ ಹಳೆಯ ಧೋತರದಿಂದ ಒಂಬತ್ತು ಬಿಳಿ ನಾಯಿಗಳನ್ನು ಕತ್ತರಿಸಿದೆ. ನಮ್ಮ ಸೊಸೈಟಿಯ ಗೇಟಿನಲ್ಲಿ ಮಲಗುವ ಮೋತಿಯೇ ಅವಕ್ಕೆ ಮಾದರಿ. ಸಾಧು ಪ್ರಾಣಿ. ಬೇರೆ ನಾಯಿ ಬಂದರೂ ಬಾಲ ಅಲ್ಲಾಡಿಸಿ ಸ್ವಾಗತಿಸುತ್ತಾನೆ. ಹಿಂದಿನ ನಾಲೆಯಿಂದ ಹಂದಿಗಳು ಬಂದಾಗ ಮಾತ್ರ ಆಕಾಶ ಹರಿಯುವಂತೆ ಬೊಗಳುತ್ತಾನೆ.

ಮೋತಿಯ ಮೂಗಿನ ಒದ್ದೆ ಹೊಳಪು ನನಗೆ ಬಹಳ ಇಷ್ಟ. ಆದ್ದರಿಂದ ಮೂಗಿಗೆ ವಿಶೇಷ ಗಮನ ಕೊಟ್ಟೆ. ದುಂಡಗೆ, ದಪ್ಪಗೆ, ಎರಡೆರಡು ಹೊಳ್ಳೆಗಳ ಸಮೇತ!

ನಮ್ಮವರು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವವರು. ಮನೆಯಲ್ಲಿ ಚಪಾತಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಕೌದಿಯನ್ನೂ ಹಾಗೇ ನೋಡಿದರು.

"ಮೂಗು ಸೈಜ್ ಮೀರ್ಯದ. ನಮ್ಮಲ್ಲಾಗಿದ್ರ ರಿಜೆಕ್ಟ್."

"ನಿಮ್ಮಲ್ಲಿ ನಾಯಿ ಮಾಡಂಗಿಲ್ಲಲ್ರಿ" ಎಂದು ಸುಮ್ಮನಾಗಿಸಿದೆ.

ಗುರುವಾರ ಪಕ್ಕದ ಮನೆಯ ಜೋಶಿ ಕಾಕು ಮೊಸರಿಗೆ ಹೆಪ್ಪು ಕೇಳಲು ಬಂದರು. ಕೌದಿ ನೋಡಿದವರೇ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಗಬಾಯಿ! ಹೀ ತರ ಖಂಡೋಬಾಚೀ ಕುತ್ರೀ!"

ಖಂಡೋಬಾನ ನಾಯಿಗಳು! ಇಲ್ಲಿಯವರ ಖಂಡೋಬಾನೇ ನಮ್ಮ ಅತ್ತೆಯವರ ಮನೆದೇವರು ಮೈಲಾರಲಿಂಗ. ದೇವರ ಜಗಲಿಯ ಪಟದಲ್ಲಿ ಅವನ ಬಿಳಿ ಕುದುರೆಯ ಕಾಲಡಿ ಒಂದು ನಾಯಿ ಓಡುತ್ತಿದೆ. ಮದುವೆಯಾದಾಗಿನಿಂದ ಆ ಪಟದ ಧೂಳು ಒರೆಸುತ್ತಿರುವವಳು ನಾನೇ. ಅದರ ಕೊರಳ ಗಂಟೆಯನ್ನು ಕೂಡ ಗಮನಿಸಿದ್ದೆ. ಅದು ಯಾರ ನಾಯಿ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ!

ಕಾಕು ದನಿ ತಗ್ಗಿಸಿ, ದೇವರ ನಾಯಿಗಳ ಮೇಲೆ ಕೂಸು ಉಚ್ಚೆ ಮಾಡಿದರೆ ನಿನ್ನ ಅತ್ತೆ ಏನೆಂದಾರು ಎಂದು ಮರಾಠಿಯಲ್ಲಿ ವಿಚಾರಿಸಿದರು. ಹೆಪ್ಪು ತೆಗೆದುಕೊಂಡು ಹೋದರು. ನನ್ನ ನೆಮ್ಮದಿಯನ್ನೂ ಜೊತೆಗೇ ಒಯ್ದರು.

ಅತ್ತೆಯವರು ಬರುತ್ತಿರುವುದು ಮೈಲಾರಲಿಂಗನ ಭಂಡಾರದ, ಅಂದರೆ ಪ್ರಸಾದದ ಅರಿಶಿನದ ಪೊಟ್ಟಣ ಹಿಡಿದುಕೊಂಡು. ಮೊಮ್ಮಗಳ ಹಣೆಗೆ ಅದನ್ನು ಹಚ್ಚುವ ಹೊತ್ತಿಗೆ ಅವನ ಒಂಬತ್ತು ನಾಯಿಗಳು ಆ ಮೊಮ್ಮಗಳ ಕೆಳಗೇ ಒದ್ದೆಯಾಗಿ ಬಿದ್ದಿರುತ್ತವೆ! ಬೇರೆ ಕೌದಿ ಹೊಲಿಯಲು ಸಮಯವಿಲ್ಲ. ಕೌದಿ ಇಲ್ಲದಿದ್ದರೆ ಕೂಸು ತೊಟ್ಟಿಲಿಗೆ ಹೋಗುವುದಿಲ್ಲ. ಸಂಜೆ ನಮ್ಮವರ ಮುಂದೆ ಕೌದಿ ಹರವಿ ಎಲ್ಲವನ್ನೂ ಹೇಳಿದೆ.

"ಅಂಜಬ್ಯಾಡ," ಎಂದರು ನಮ್ಮವರು. "ಬಾಲ ಮೋಟು ಮಾಡು, ಕಿವಿ ಉದ್ದ ಮಾಡು. ಮೊಲ ಆಗ್ತಾವ. ಮೊಲಾ ಯಾವ ದೇವರದೂ ಅಲ್ಲ."

ಶುಕ್ರವಾರವಿಡೀ ಬಾಲ ಕತ್ತರಿಸಿದೆ. ತುದಿಯ ದಾರ ಬಿಟ್ಟುಕೊಳ್ಳದಂತೆ ಬಿಗಿದು ಹೊಲಿದಾಗ ಬಾಲಗಳು ಸುರುಳಿ ಸುತ್ತಿಕೊಂಡವು. ಉದ್ದ ಕಿವಿ ಹಚ್ಚಿದೆ. ನಿಲ್ಲಬೇಕಾದ ಕಿವಿಗಳು ಮೆತ್ತನೆಯ ಧೋತರದವಲ್ಲವೇ, ಕೆನ್ನೆಯ ಮೇಲೆ ಜೋತು ಬಿದ್ದವು. ಇರಲಿ, ದಣಿದ ಮೊಲಗಳು ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ, ಕೂಸಿನ ಮೈಗೆ ಶುದ್ಧವಾಗಿರಲಿ ಎಂದು ಕೌದಿಯನ್ನು ಬಿಸಿನೀರಿನಲ್ಲಿ ನೆನೆಹಾಕಿದೆ.

ಇಳಕಲ್ಲ ಸೆರಗಿನ ಕೆಂಪು ಎಂಥದ್ದು ಎಂಬುದು ನಮ್ಮ ಕಡೆಯ ಚಿಕ್ಕ ಹುಡುಗಿಗೂ ಗೊತ್ತು. ನನಗೂ ಗೊತ್ತಿತ್ತು. ಬಕೆಟ್ಟಿಗೆ ಹಾಕಿದ ಮೇಲೆ ನೆನಪಾಯಿತು! ಎತ್ತಿ ನೋಡಿದರೆ ಒಂಬತ್ತೂ ಮೊಲಗಳು ನಸುಗೆಂಪಾಗಿ ನನ್ನನ್ನೇ ದಿಟ್ಟಿಸುತ್ತಿದ್ದವು. ನಮ್ಮವರು ಬಂದು ನೋಡಿದರು. ರಿಜೆಕ್ಟ್ ಎನ್ನಲೂ ಇಲ್ಲ. ಮೆಲ್ಲಗೆ ಹೊರಗೆ ಹೋದರು.

ರವಿವಾರ ಬೆಳಿಗ್ಗೆ ಅತ್ತೆಯವರ ಫೋನು. "ಇಂದಾಪುರ ದಾಟೇವಿ. ಕೌದಿ ತಯಾರದ ಇಲ್ಲೋ?"

"ಅದ ರೀ ಅತ್ತಿ" ಎಂದೆ. ಯಾವ ಪ್ರಾಣಿಯದು ಎಂದು ಅವರು ಕೇಳಲಿಲ್ಲ, ಪುಣ್ಯ!

ವಿದ್ಯಾಳ ಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಹೂವು ಕಟ್ಟಿದ್ದರು. ಕೂಸು ಚೀರುತ್ತಿತ್ತು. ಅತ್ತೆಯವರು ಕನ್ನಡಕ ಏರಿಸಿ ಕೌದಿ ಬಿಡಿಸಿದರು. ಹಾಡು ಹೇಳುತ್ತಿದ್ದವರೂ ನಿಲ್ಲಿಸಿದರು.

"ಸುಮಾ, ಇವು ಏನವಾ?"

"ಮೊ... ಮೊಲಾ ರೀ."

"ಹಂದಿ ಅದಾವಲ್ಲ!"

ಯಾರೋ ಕಿಸಕ್ಕೆಂದರು. ವಿದ್ಯಾ ಮುಖ ಸಣ್ಣದು ಮಾಡಿ, "ವೈನಿ, ನಾ ನಾಯಿಮರಿ ಕೇಳಿದ್ನಲ್ರೀ?" ಎಂದಳು.

ಅತ್ತೆಯವರು ಹಣೆ ಬಡಿದುಕೊಂಡರು. "ನಾಯೀನ ಹಾಕಬೇಕಿತ್ತಲ್ಲ ನಮ್ಮವ್ವಾ! ನಮ್ಮ ಮೈಲಾರಲಿಂಗನ ನಾಯಿ ಕೂಸಿನ್ನ ಕಾಯ್ತಿದ್ದವು."

ನನ್ನ ಗಂಟಲಿನಿಂದ ಸಣ್ಣ ದನಿ ಹೊರಟಿತು. "ಆದ್ರ ಅತ್ತಿ... ಕೂಸು ಅವುಗಳ ಮ್ಯಾಲೆ ಒದ್ದಿ ಮಾಡಿದ್ರ?"

"ಕೂಸಿನ ಉಚ್ಚಿ ದೇವರಿಗೆ ಮೈಲಿಗಿ ಏನ? ಕಾನ್ವೆಂಟಿನಾಗ ಇಷ್ಟೂ ಕಲಸಲಿಲ್ಲೇನ ನಿನಗ?"

ಆಮೇಲೆ ಅವರು ಕೌದಿಯನ್ನು ಮಗುಚಿ ಹಾಕಿದರು. ತಮ್ಮ ಹಳೆಯ ಸೀರೆ ಮೇಲೆ ಬಂತು, ನನ್ನ ಕಲಾಕೃತಿ ತೊಟ್ಟಿಲ ತಳಕ್ಕೆ ಮುಖ ಮಾಡಿತು. ಸೀರೆಯನ್ನೊಮ್ಮೆ ಸವರಿ ಕೂಸನ್ನು ಮಲಗಿಸಿದರು. ಅದು ತಟ್ಟನೆ ಚೀರುವುದನ್ನು ನಿಲ್ಲಿಸಿ ಆಕಳಿಸಿತು. ಹಣೆಗೆ ಭಂಡಾರ ಬಿತ್ತು, ಹೆಸರೂ ಇಟ್ಟಾಯಿತು. ಹೆಸರು ಕಿವಿಗೆ ಬೀಳುತ್ತಿದ್ದಂತೆ ಕೂಸು ಕೌದಿಯನ್ನು ಸಂಪೂರ್ಣ ಒದ್ದೆ ಮಾಡಿತು!

ತಪ್ಪು ಮಾಡಿದವಳೇ ತೊಳೆಯಬೇಕೆಂಬ ನ್ಯಾಯದಂತೆ ಕೌದಿ ನಮ್ಮ ಮನೆಗೆ ಬಂತು. ಮರುದಿನ ಒಗೆದು ಬಾಲ್ಕನಿಯಲ್ಲಿ ಒಣಹಾಕಿದೆ. ಕೆಳಗಿನಿಂದ ಮೋತಿ ಕತ್ತೆತ್ತಿ ನೋಡಿದವನೇ ಬೊಗಳತೊಡಗಿದ. ನನ್ನ ಕಣ್ಣು ತುಂಬಿ ಬಂತು.

"ನೋಡ್ರಿ! ಅವನಾದ್ರೂ ತನ್ನವರನ್ನ ಗುರುತು ಹಿಡದಾ!"

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನಾಯಿ ಕಂಡ್ರ ಮೋತಿ ಎಂದಾದ್ರೂ ಬೊಗಳ್ಯಾನೇನ?"