ಕ್ಯಾಪ್ಟನ್ ತುಟಿಗೊಂದು ಮಾತು

ಎಲ್ಲ ರಗಳೆಗೂ ಕಾರಣ ಒಬ್ಬ ಪೈಲಟ್‌ನ ಎರಡು ತುಟಿ.

ಬೇರೆ ಭಾಷೆಯ ಚಿತ್ರ. ಮೊದಲ ದೃಶ್ಯದಲ್ಲೇ ಇನ್ನೂರು ಜನ ಕೂತ ವಿಮಾನಕ್ಕೆ ಬೆಂಕಿ ಹತ್ತುತ್ತದೆ. ಕ್ಯಾಪ್ಟನ್ ಹಿಂದಕ್ಕೆ ತಿರುಗಿ ಏನೋ ಒಂದು ಪದವನ್ನು ಎರಡು ಸಲ ಕಿರುಚುತ್ತಾನೆ, ಪ್ರಯಾಣಿಕರೆಲ್ಲ ತಲೆ ತಗ್ಗಿಸುತ್ತಾರೆ, ದೃಶ್ಯ ಅಲ್ಲಿಗೆ ಮುಗಿಯುತ್ತದೆ. ಆ ಪದ ಈಗ ಕನ್ನಡದಲ್ಲಿ ಬೇಕು. ಅವನ ತುಟಿ ಮುಚ್ಚಿ ತೆರೆಯುತ್ತದೆ, ಅಂದರೆ ಪ, ಬ, ಮ ಇವುಗಳಿಂದಲೇ ಶುರುವಾಗಬೇಕು. ಅದೂ ಎರಡೇ ಅಕ್ಷರ. ಚಿತ್ರದ ಉಳಿದ ಮಾತೆಲ್ಲ ಬರೆದು ಮುಗಿದಿತ್ತು, ಇದೊಂದು ಹಾಳಾದ್ದು ಬಿಟ್ಟು.

ಡಬ್ಬಿಂಗ್ ಚಿತ್ರಗಳಿಗೆ ಮಾತು ಬರೆಯುವ ಈ ಬಡಪಾಯಿಯನ್ನು ಇಡೀ ಕಟ್ಟಡ ತುಟಿ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಯಾರು ಮಾತಾಡಿದರೂ ಅವರ ತುಟಿಯನ್ನೇ ನೋಡುವ ಚಾಳಿ. ಹನ್ನೊಂದು ಚಿತ್ರಕ್ಕೆ ಬರೆದಿದ್ದರೂ ತೆರೆಯ ಮೇಲೆ ಒಮ್ಮೆಯೂ ಹೆಸರು ಬಂದಿರಲಿಲ್ಲ. ಈ ಸಲ ಬರುತ್ತದೆ. ಮೊದಲ ದೃಶ್ಯ ಮುಗಿದ ಕೂಡಲೇ, ಎರಡು ಸೆಕೆಂಡು. ಸಂಜೆ ಆರಕ್ಕೆ ಟ್ರಯಲ್ ಶೋ. ಊರಿಗೆ ಹೊರಟಿದ್ದ ಮಾವನನ್ನು ಅದಕ್ಕೆಂದೇ ಒಂದು ದಿನ ಹಿಡಿದು ನಿಲ್ಲಿಸಿಕೊಂಡಿದ್ದರು. ಬಸ್ ಓಡಿಸಿ ನಿವೃತ್ತರಾದ ಮಾವ ಮದುವೆಯಾದ ದಿನದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅದೆಲ್ಲ ಸರಿ ಅಳಿಯಂದ್ರೇ, ಕೆಲಸ ಅಂತ ಏನ್ ಮಾಡ್ತೀರಿ?"

ಬೆಳಿಗ್ಗೆ ಮೇಷ್ಟ್ರು ಕನ್ನಡಿ ಮುಂದೆ ನಿಂತು "ಬಿತ್ತು! ಬಿತ್ತು!" ಎಂದು ಕಿರುಚಿ ನೋಡಿದರು. ಕೆಳಗಿನ ಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬೀದಿಗೆ ಓಡಿದಳು.

"ಏನ್ ಬಿತ್ತು ಮೇಷ್ಟ್ರೇ?"

"ಏನೂ ಇಲ್ಲ ಕಣಮ್ಮ, ವಿಮಾನ!"

ಅವಳು ಆಕಾಶ ನೋಡಿದಳು. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಜನರೂ ನಿಂತು ಆಕಾಶ ನೋಡಿದರು.

ಅವರನ್ನೆಲ್ಲ ಸಾಗಹಾಕಿ ಬಂದು "ಬನ್ನಿ! ಬನ್ನಿ!" ಎಂದು ಪರೀಕ್ಷಿಸಿದರು. ಐದು ನಿಮಿಷವಾಗಿಲ್ಲ, ಟೈಲರಮ್ಮ ಗಂಡನನ್ನೂ ಕರೆದುಕೊಂಡು ಬಂದು ಕುರ್ಚಿ ಎಳೆದು ಕೂತಳು.

"ಇಷ್ಟು ಬಾಯ್ತುಂಬ ಕರೀವಾಗ ಬರ್ದೇ ಇರೋಕಾಗುತ್ತಾ? ಇವರ ಕಾಫಿಗೆ ಸಕ್ಕರೆ ಕಮ್ಮಿ ಹಾಕಮ್ಮ."

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಹಲ್ಲು ಕಚ್ಚಿದಳು. "ರೀ, ಹಾಲಿರೋದೇ ಒಂದ್ ಲೋಟ. ಇನ್ನೊಂದ್ ಸಲ ಬನ್ನಿ ಅಂದ್ರೆ ತವರಿಗೆ ಹೋಗ್ತೀನಿ ಅಷ್ಟೇ."

"ತವರಲ್ಲಿ ಯಾರಿದಾರೆ? ನಾನು ಇಲ್ಲೇ ಇದೀನಲ್ಲ" ಎಂದರು ಮಾವ.

ತಲೆಕೆಟ್ಟು ಮೇಷ್ಟ್ರು ಮೆಟ್ಟಿಲ ಬಳಿ ಬಂದು ನಿಂತರು. ಉದ್ದನೆಯ ಏಣಿ ಹೊತ್ತು ಇಳಿಯುತ್ತಿದ್ದ ಪೇಂಟರ್, ಮೇಲಿನಿಂದ ಯಾರೋ ಕರೆದರೆಂದು ಗರ್ರನೆ ತಿರುಗಿದ. ಬಾಗಿಲಲ್ಲಿದ್ದ ಮಾವ ಕೂಗಿದರು: "ಬಗ್ಗಿ! ಬಗ್ಗಿ!"

ಬೇರೆ ಯಾರಾಗಿದ್ದರೂ ಬಗ್ಗುತ್ತಿದ್ದರು. ಮೇಷ್ಟ್ರು ಮಾವನ ತುಟಿ ನೋಡಿದರು. ಮುಚ್ಚಿತು, ತೆರೆಯಿತು. ಮತ್ತೆ ಮುಚ್ಚಿತು, ತೆರೆಯಿತು. "ಸಿಕ್ತು!" ಎನ್ನುವಷ್ಟರಲ್ಲಿ ಏಣಿಗೆ ಅವರ ಹಣೆ ಸಿಕ್ಕಿತು.

ನಿಂಬೆಹಣ್ಣಿನಷ್ಟು ದಪ್ಪ ಬುಗುಟೆ ಒತ್ತಿಕೊಳ್ಳುತ್ತಲೇ ಡಬ್ಬಿಂಗ್ ನಿರ್ದೇಶಕನಿಗೆ ಫೋನ್ ಹಚ್ಚಿದರು.

"ಪದ ಏನೋ ಕೂರುತ್ತೆ" ಎಂದ ಅವನು. "ಆದ್ರೆ ಕೇಳಿದವರು ನಕ್ಕುಬಿಟ್ರೆ? ಜನ ನಿಜವಾಗ್ಲೂ ಬಗ್ತಾರಾ ನೋಡಿ ಹೇಳಿ. ಇಲ್ಲಾಂದ್ರೆ ಬೇರೆಯವರ ಹತ್ರ ಬರೆಸ್ತೀನಿ, ಹೆಸರೂ ಅವರದೇ ಹಾಕ್ತೀನಿ."

ಸರಿ, ಶುರುವಾಯಿತು ಕವಾಯತು. ನಡುಮನೆಯಲ್ಲಿ ಸಾಲಾಗಿ ನಾಲ್ಕು ಕುರ್ಚಿ, ಅದರಲ್ಲಿ ಹೆಂಡತಿ, ಟೈಲರಮ್ಮ, ಅವಳ ಗಂಡ, ಮಾವ. ಹಿಂದೆ ದಿಂಬು ಹಿಡಿದ ಮೇಷ್ಟ್ರು. "ಬಗ್ಗಿ! ಬಗ್ಗಿ!" ಎನ್ನುತ್ತ ದಿಂಬು ಬೀಸುವುದು, ಬಗ್ಗದವರ ತಲೆಗೆ ಬೀಳುವುದು. ಮೂರು ಜನ ಬೇಗ ಪಳಗಿದರು. ಮಾವ ಮಾತ್ರ ಗೂಟದ ಹಾಗೆ ಕೂತಿದ್ದರು.

"ಮೂವತ್ತು ವರ್ಷ ಬಸ್ ಓಡ್ಸಿದೀನಿ. ಮೇಲಧಿಕಾರಿಗೇ ಬಗ್ಗಿದೋನಲ್ಲ, ಅಳಿಯನಿಗೆ ಬಗ್ತೀನಾ?"

"ನಿಮ್ಮ ದಮ್ಮಯ್ಯ ಮಾವ. ನನಗಲ್ಲ, ಕ್ಯಾಪ್ಟನ್‌ಗೆ ಬಗ್ಗಿ."

ಹನ್ನೆರಡನೇ ಏಟಿಗೆ ಮಾವನೂ ಬಗ್ಗಿದರು. ಆಮೇಲೆ ದಿಂಬಿಲ್ಲದೆ ಬರೀ ಕೂಗಿದರೂ ನಾಲ್ಕು ತಲೆ ಒಟ್ಟಿಗೆ ಕೆಳಗೆ ಹೋಗುತ್ತಿದ್ದವು. ಮಧ್ಯಾಹ್ನ ಸ್ಟುಡಿಯೋದಲ್ಲಿ ಮೇಷ್ಟ್ರು ಕಿರುಚಿ ತೋರಿಸಿದ ರೀತಿಗೆ ನಿರ್ದೇಶಕನೇ ಬೆಚ್ಚಿಬಿದ್ದ. "ಅಬ್ಬಾ! ಇನ್ಯಾರ ದನೀನೂ ಬೇಡ, ನೀವೇ ಹೇಳಿಬಿಡಿ" ಎಂದು ಅವರ ದನಿಯಲ್ಲೇ ಮಾತನ್ನು ಸೇರಿಸಿದ.

ಸಂಜೆ ಥಿಯೇಟರಿನಲ್ಲಿ ಐದೂ ಜನ ಒಂದೇ ಸಾಲಿನಲ್ಲಿ ಕೂತರು. ಮಾವ ಕನ್ನಡಕ ಒರೆಸಿ ಹಾಕಿಕೊಂಡರು.

"ಎರಡೇ ಸೆಕೆಂಡು ಮಾವ. ದಯವಿಟ್ಟು ರೆಪ್ಪೆ ಬಡೀಬೇಡಿ."

"ಬಡಿಯಲ್ಲ. ರಾತ್ರಿ ಊರಿಗೆ ಹೋಗಿ ಎಲ್ಲರಿಗೂ ಹೇಳ್ಬೇಕಲ್ಲ, ನಮ್ಮಳಿಯನ ಹೆಸರು ಕಣ್ಣಾರೆ ನೋಡ್ದೆ ಅಂತ."

ಈ ಮಾತು ಕೇಳಿ ಮೇಷ್ಟ್ರ ಕಣ್ಣು ತುಂಬಿ ಬಂತು. ದೀಪ ಆರಿತು. ವಿಮಾನ ಹೊತ್ತಿಕೊಂಡಿತು. ಕ್ಯಾಪ್ಟನ್ ತಿರುಗಿದ, ತುಟಿ ಮುಚ್ಚಿತು, ತೆರೆಯಿತು.

"ಬಗ್ಗಿ! ಬಗ್ಗಿ!"

ನಾಲ್ಕು ತಲೆ ಒಟ್ಟಿಗೆ ಮೊಣಕಾಲಿಗೆ ಹೋದವು. ಏಣಿಯ ನೆನಪು ಹಣೆಯಲ್ಲಿ ಹಸಿಯಾಗಿದ್ದುದರಿಂದ ಐದನೆಯದೂ ಹೋಯಿತು. ತಲೆ ಎತ್ತುವ ಹೊತ್ತಿಗೆ ತೆರೆಯ ಮೇಲೆ ಬಟ್ಟೆ ಹೊಲಿದವರ ಹೆಸರಿತ್ತು.

"ನೋಡಿ, ನೋಡಿ, ನಮ್ಮ ಕಸುಬಿನವರ ಹೆಸರು!" ಎಂದು ಟೈಲರಮ್ಮ ಚಪ್ಪಾಳೆ ತಟ್ಟಿದಳು.

ಮಾವ ಕತ್ತಲೆಯಲ್ಲಿ ಇವರ ಕಡೆ ತಿರುಗಿದರು. "ನಿಮ್ಮದೆಲ್ಲಿ ಅಳಿಯಂದ್ರೇ?"

"ಬಂದು... ಹೋಯ್ತು ಮಾವ."

"ನೀವು ನೋಡಿದ್ರಾ?"

ಮೇಷ್ಟ್ರಿಗೆ ಅಳಬೇಕೋ ಅರಚಬೇಕೋ ತಿಳಿಯಲಿಲ್ಲ. "ಇಲ್ಲ."

"ಹೋಗ್ಲಿ ಬಿಡಿ" ಎಂದು ಮಾವ ನಿಟ್ಟುಸಿರಿಟ್ಟರು. "ನನ್ ಕನ್ನಡಕ ಕುರ್ಚಿ ಕೆಳಗೆ ಬಿತ್ತು. ಸ್ವಲ್ಪ ಬಗ್ಗಿ ಅಳಿಯಂದ್ರೇ, ಬಗ್ಗಿ."

ಮೇಷ್ಟ್ರು ಬಗ್ಗಿದರು.