ಗಾಳಿ ಹಾಕಿದ್ರೋ, ಆಕ್ಸಿಜನ್ ಕೊಟ್ರೋ?

ಹೆರಿಗೆ ವಾರ್ಡಿನಲ್ಲಿ ಮಗು ಹುಟ್ಟೋದಕ್ಕೆ ಮುಂಚೆಯೇ ಅನುಮಾನ ಹುಟ್ಟಿರುತ್ತೆ. ಕೋಲಾರದ ಕಡೆ ಬಹಳ ವರ್ಷದಿಂದ ನರ್ಸಾಗಿದ್ದೀನಿ, ಇಂಥದ್ದು ನಡೆಯದ ವಾರವೇ ಇಲ್ಲ. ಅದರಲ್ಲೂ ಕೊರೋನಾ ಬಂದು ಹೋದ ಮೇಲೆ, ಆಕ್ಸಿಜನ್ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಹೊರಗೆ ಕೂತ ನೆಂಟರೆಲ್ಲ ಪೊಲೀಸರಾಗಿಬಿಡ್ತಾರೆ.

೧. ಬರೀ ಗಾಳಿ

ನಂಗಲಿ ಕಡೆಯ ಅಜ್ಜಿಯೊಬ್ಬರು ಮಗಳನ್ನು ಹೆರಿಗೆಗೆ ಕರ್ಕೊಂಡು ಬಂದಿದ್ದರು. ಮಗು ಹುಟ್ಟಿತು, ಅಳಲಿಲ್ಲ. ಡಾಕ್ಟರು ಪುಟ್ಟ ಮಾಸ್ಕನ್ನು ಅದರ ಮುಖಕ್ಕಿಟ್ಟು, ಅದಕ್ಕೆ ಸೇರಿದ ರಬ್ಬರ್ ಚೀಲವನ್ನು ಮೆಲ್ಲಗೆ ಒತ್ತುತ್ತಾ ಗಾಳಿ ಹಾಕಿದರು. ಮಗು ವಾರ್ಡು ಹಾರಿಹೋಗೋ ಹಾಗೆ ಕಿರುಚಿತು. ನಮಗೂ ಹೋದ ಜೀವ ಬಂತು.

ಬಾಗಿಲ ಸಂದಿಯಿಂದ ನೋಡುತ್ತಿದ್ದ ಅಜ್ಜಿ ನನ್ನ ಕೈ ಹಿಡಿದು, "ಏನಮ್ಮಾ, ಸಿಲಿಂಡ್ರು ಮೂಲೇಲಿ ಸುಮ್ನೆ ನಿಂತಿತ್ತು. ಯಾರಿಗೆ ಎತ್ತಿಟ್ಟಿದ್ದೀರಾ?" ಅಂದರು.

"ಯಾರಿಗೂ ಇಲ್ಲ ಅಜ್ಜಿ. ತಿಂಗಳು ತುಂಬಿದ ಮಗೂಗೆ ಮೊದಲು ಮಾಮೂಲಿ ಗಾಳಿನೇ ಕೊಡೋದು. ಅದರಲ್ಲೇ ಚೇತರಿಸ್ಕೊಂಡ್ರೆ ಆಕ್ಸಿಜನ್ ಬೇಕಾಗಲ್ಲ."

ಅಜ್ಜಿ ಅಳಿಯನ ಕಡೆ ತಿರುಗಿದರು. "ಚೂಡು ನಾಯ್ನಾ, ನೋಡು, ಮಾಮೂಲಿ ಗಾಳಿ ಅಂತೆ! ಅದು ನಮ್ಮೂರಲ್ಲೇ ಬೇಕಾದಷ್ಟಿತ್ತಲ್ಲಪ್ಪಾ, ಆಂಬುಲೆನ್ಸ್ ಯಾಕೆ ಕರೆಸಿದೆ?"

೨. ಪೈಪಿನ ಜಾಡು

ಶಿವಾರಪಟ್ಟಣದ ವಿಗ್ರಹ ಕೆತ್ತುವವರೊಬ್ಬರ ಮಗು ತಿಂಗಳು ತುಂಬೋ ಮುಂಚೆ ಹುಟ್ಟಿತ್ತು. ಉಸಿರಾಟ ಸುಧಾರಿಸಿದ ಹಾಗೆಲ್ಲ ಡಾಕ್ಟರು ಆಕ್ಸಿಜನ್ ತಗ್ಗಿಸುತ್ತಿದ್ದರು. ಅದು ಅಪ್ಪನ ಕಣ್ಣಿಗೆ ಬಿತ್ತು.

"ನಮ್ಮ ಮಗೂದು ಕಡಿಮೆ ಮಾಡಿ ಯಾರಿಗೆ ಕೊಡ್ತಿದ್ದೀರಾ?"

"ಬೇಕಾದ್ದಕ್ಕಿಂತ ಜಾಸ್ತಿ ಆದ್ರೆ ಇಷ್ಟು ಚಿಕ್ಕ ಮಗುವಿನ ಕಣ್ಣಿಗೆ ತೊಂದರೆ ಸಾರ್, ಅದಕ್ಕೆ."

ತಲೆ ಆಡಿಸಿದರು, ನಂಬಲಿಲ್ಲ. ಹೊರಗೆ ಹೋಗಿ ಗೋಡೆಯ ಪೈಪಿಗೆ ಬೆರಳಿಟ್ಟು, ಅದರ ಜೊತೆಯಲ್ಲೇ ನಡೆದುಹೋದರು. ಸ್ವಲ್ಪ ಹೊತ್ತಿಗೆ ಓಡಿಬಂದರು. "ಸಿಕ್ತು ಸಿಸ್ಟರ್! ನಮ್ಮ ಆಕ್ಸಿಜನ್ನು ನೇರವಾಗಿ ಡಾಕ್ಟರ ಬಾತ್‌ರೂಮಿಗೆ ಹೋಗ್ತಾ ಇದೆ!"

ಹೋಗಿ ನೋಡಿದೆ. ನೀರಿನ ಪೈಪು. ಪಾಪ, ಅವರು ನಲ್ಲಿ ತಿರುಗಿಸಿ ಮೂಸಿಯೂ ನೋಡಿದ್ದರು.

೩. ಬಣ್ಣ ಬದಲಾದ ಮಗು

ಶ್ರೀನಿವಾಸಪುರದ ಹತ್ತಿರದ ರೇಷ್ಮೆ ಸಾಕುವ ಮನೆಯವರು. ಸೊಸೆಗೆ ಚೊಚ್ಚಲ ಹೆರಿಗೆ, ಜೊತೆಗೆ ಅತ್ತೆ. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಮೈಯೆಲ್ಲ ನೀಲಿ, ಉಸಿರಿಲ್ಲ. ಅದನ್ನು ನೋಡಿದ ಅತ್ತೆ ಎದೆ ಬಡಿದುಕೊಂಡರು. ಅವರನ್ನು ಹೊರಗೆ ಕಳಿಸಿದೆವು.

ಈ ಸಲ ಬರೀ ಗಾಳಿ ಸಾಲಲಿಲ್ಲ. ಚೀಲ ಒತ್ತಿದಾಗ ಎದೆ ಏಳುತ್ತಿತ್ತು, ಆದರೆ ಬಣ್ಣ ತಿರುಗಲಿಲ್ಲ. ಡಾಕ್ಟರು ಆಕ್ಸಿಜನ್ ಸೇರಿಸಿದರು.

"ಯಾಕೆ ಅಳ್ತಿಲ್ಲ ಸಿಸ್ಟರ್?" ಸೊಸೆ ಕೇಳುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ತುಟಿ ಕೆಂಪಾಯಿತು, ಎದೆ ಕೆಂಪಾಯಿತು, ಒಂದು ಕೀರಲು ಅಳು ಕೇಳಿಸಿತು. ಸೊಸೆ ಗೊಳೋ ಅಂತ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಡಾಕ್ಟರು ಪರವಾಗಿಲ್ಲ ಅಂದ ಮೇಲೆ ಅತ್ತೆಯನ್ನು ಕರೆದು ಮಗು ತೋರಿಸಿದೆ. ಅವರು ಕೈ ಚಾಚಲೇ ಇಲ್ಲ.

"ಇದು ನಮ್ಮದಲ್ಲ. ನಮ್ಮದು ನೀಲಿ ಇತ್ತು, ಇದು ಕೆಂಪಗಿದೆ. ಹಣ್ಣಾಗಿ ಗೂಡು ಕಟ್ಟೋಕೆ ಬಂದ ರೇಷ್ಮೆ ಹುಳ ಯಾವುದು ಅಂತ ಬಣ್ಣ ನೋಡಿ ದೂರದಿಂದಲೇ ಹೇಳೋಳು ನಾನು. ನನಗೇ ಮೋಸಾನಾ?"

ಮಗುವಿನ ಕೈಗೆ ಕಟ್ಟಿದ್ದ, ತಾಯಿ ಹೆಸರು ಬರೆದ ಪಟ್ಟಿ ತೋರಿಸಿದೆ. "ಪಟ್ಟಿ ಕಟ್ಟೋರೂ ನೀವೇ ತಾನೆ?" ಅಂದರು. ಡಾಕ್ಟರು ಬಂದು ಆಕ್ಸಿಜನ್ ವಿಷಯ ವಿವರಿಸಿದರು. "ಹೂಂ, ಹೂಂ" ಅಂತ ಕೇಳಿ, ನನ್ನ ಕಿವಿಯಲ್ಲಿ, "ಈಯಪ್ಪ ನಿಜವಾಗ್ಲೂ ಡಾಕ್ಟ್ರೇನಾ?" ಅಂದರು.

ಅಷ್ಟರಲ್ಲಿ ಮಗು ಕಣ್ಣು ಬಿಟ್ಟಿತು. ಹಣೆ ಸುಕ್ಕು ಮಾಡಿ, ಒಂದು ಹುಬ್ಬು ಮೇಲಕ್ಕೆತ್ತಿ, ನನ್ನನ್ನೂ ಡಾಕ್ಟರನ್ನೂ ಕಳ್ಳರನ್ನು ನೋಡೋ ಹಾಗೆ ನೋಡಿತು.

ಮಂಚದ ಮೇಲಿಂದ ಸೊಸೆ ಸುಸ್ತಾದ ದನಿಯಲ್ಲಿ ಹೇಳಿದಳು: "ಅತ್ತೆ, ಎತ್ಕೊಳಿ. ಆ ನೋಟ ನೋಡಿದ್ರೆ ಗೊತ್ತಾಗಲ್ವಾ? ನಿಮ್ಮ ಮೊಮ್ಮಗಳೇ!"